ಖಾರದ ಗಿರಣಿಯ ಹನ್ನೆರಡು ವಿಳಾಸಗಳು

ನನ್ನ ಗಿರಣಿ ಇವತ್ತಿಗೂ ನಡೆಯುತ್ತಿದ್ದರೆ ಅದು ನನ್ನ ಮುಖ ಕಂಡರಾಗದ ಹನ್ನೊಂದು ಜನರ ಉಪಕಾರ. ಹನ್ನೆರಡನೆಯವರೊಬ್ಬರಿದ್ದಾರೆ, ಅವರ ಮಾತೇ ಬೇರೆ. ಅವರ ವಿಷಯಕ್ಕೆ ಬರುವ ಮೊದಲು ಆಡಿಟ್ ಎನ್ನುವುದು ನನ್ನ ಬಾಗಿಲಿಗೆ ಹೇಗೆ ಬಂತು ಎನ್ನುವುದನ್ನು ಹೇಳಬೇಕು.

ನನ್ನ ಹೆಸರು ನೀಲಗಂಗಾ. ಊರವರ ಬಾಯಲ್ಲಿ ಖಾರದ ನೀಲಗಂಗಕ್ಕ. ಖಾರದ ಪುಡಿ, ಮಸಾಲೆ ಪುಡಿ, ಚಟ್ನಿಪುಡಿ ಮಾಡಿ ಮಾರುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕಸುಬು. ಮುಂದೆ ಅಂಗಡಿ, ಹಿಂದೆ ಗಿರಣಿ, ಅದರ ಹಿಂದೆ ನಾನು ಮಲಗುವ ಕೋಣೆ. ಮೆಣಸಿನಕಾಯಿಯ ತೊಟ್ಟು ಬಿಡಿಸಲು, ಪೊಟ್ಟಣ ಕಟ್ಟಲು ಐದು ಜನ ಹೆಂಗಸರು ಬರುತ್ತಾರೆ. ಆ ಐದು ಮನೆಗಳ ಒಲೆಯೂ ಈ ಖಾರದ ಮೇಲೆಯೇ ಉರಿಯುತ್ತದೆ.

ನಮ್ಮ ಊರಿನಲ್ಲಿ ಅಮಾವಾಸ್ಯೆ ಕಳೆದು ಬೆಳಗಾದಾಗ ಮನೆ ಅಂಗಡಿಗಳೆಲ್ಲ ಜಾಗ ಬದಲಾಯಿಸಿರುತ್ತವೆ. ಓಣಿಗಳು ಇದ್ದಲ್ಲೇ ಇರುತ್ತವೆ, ಓಣಿಯ ಮೂಲೆಯಲ್ಲಿ ಹೆಸರು ಕೆತ್ತಿದ ಕಲ್ಲೂ ಕದಲುವುದಿಲ್ಲ. ಬಸ್‌ಸ್ಟ್ಯಾಂಡು, ಪುರಸಭೆ, ಸರ್ಕಾರಿ ಬಾವಿ ಇವು ಗಟ್ಟಿ. ಮಿಕ್ಕಿದ್ದೆಲ್ಲ ಗೋಡೆ ಚಾವಣಿ ಪಾತ್ರೆ ಪಡಗ ಸಮೇತ ಬೇರೆ ಓಣಿಯಲ್ಲಿ ಕಣ್ಣು ಬಿಡುತ್ತದೆ. ಪಾಡ್ಯದ ದಿನ ಶಾಲೆಗೆ ರಜೆ. ಹಾಲಿನವರು ಹೆಸರು ಹಿಡಿದು ಕೂಗುತ್ತ ಗಿರಾಕಿಗಳನ್ನು ಹುಡುಕುತ್ತಾರೆ. ನಾವೆಲ್ಲ ಬಾಗಿಲು ತೆಗೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಈ ತಿಂಗಳು ಯಾರ ಜೊತೆ ಹೇಗಪ್ಪಾ ಎಂದು ಲೆಕ್ಕ ಹಾಕುತ್ತೇವೆ. ಬಾಜೂ ಮನೆಯವರೊಡನೆ ಜಗಳವಾದರೆ ನಮ್ಮಲ್ಲಿ ಯಾರೂ ಬಹಳ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮಾವಾಸ್ಯೆ ತನಕ ತಾಳಿಕೊಂಡರಾಯಿತು.

ನನ್ನ ಕಸುಬಿಗೆ ಮಾತ್ರ ಈ ಅನುಕೂಲ ಸ್ವಲ್ಪ ತಿರುಗುಮುರುಗಾಗಿತ್ತು. ಖಾರ ಕುಟ್ಟಲು ಶುರುಮಾಡಿದರೆ ಎಡಬಲದ ನಾಲ್ಕು ಮನೆಗಳಲ್ಲಿ ಸೀನು, ಕೆಮ್ಮು, ಕಣ್ಣೀರು. ಬೇರೆ ಊರಿನಲ್ಲಾದರೆ ನಾಲ್ಕು ಮನೆಯವರ ವೈರ ಕಟ್ಟಿಕೊಂಡು ಬದುಕಬಹುದಿತ್ತು. ಇಲ್ಲಿ ತಿಂಗಳಿಗೆ ನಾಲ್ಕು ಹೊಸ ಮನೆ.

ಮೂರು ವರ್ಷದ ಹಿಂದೆ ತೆರಿಗೆ ಇಲಾಖೆಯವರು ಅಚ್ಚು ಹಾಕಿದ ಬಿಲ್ಲು ಕೊಡಲೇಬೇಕೆಂದು ನಿಯಮ ಮಾಡಿದರು. ಬಿಲ್ಲಿನ ತಲೆಯಲ್ಲಿ ವಿಳಾಸದ ಚೌಕ. ಊರಿನ ಅಂಗಡಿಯವರೆಲ್ಲ ಆ ಚೌಕದಲ್ಲಿ ‘ಬಸ್‌ಸ್ಟ್ಯಾಂಡ್ ಹತ್ತಿರ’ ಎಂದು ಬರೆಸಿ ಕೈತೊಳೆದುಕೊಂಡರು. ನನ್ನ ತೆರಿಗೆ ಕಾಗದ ತುಂಬಿಕೊಡುವ ಪಾಂಡುರಂಗ ಮಾಸ್ತರರೂ ಹಾಗೇ ಹೇಳಿದ್ದರು. “ಅಕ್ಕಾರ, ಎಲ್ಲಾರ ಹಂಗ ಬರಸ್ರಿ. ಸುಮ್ನ ಯಾಕ ತಲಿಬ್ಯಾನಿ?” ನನಗೆ ಒಪ್ಪಿಗೆಯಾಗಲಿಲ್ಲ. ಸರ್ಕಾರಿ ಕಾಗದದ ಮೇಲೆ ಇಲ್ಲದ ಜಾಗ ಬರೆಯುವುದು ಹೇಗೆ? ಪ್ರತಿ ಪಾಡ್ಯಕ್ಕೆ ಹೊಸ ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ಕಂಬಾರ ಓಣಿ, ಎಣ್ಣೆಗಾಣದ ಓಣಿ, ದೀಪದ ಓಣಿ ಎಂದು ಗಿರಣಿ ಎಲ್ಲಿದೆಯೋ ಆ ವಿಳಾಸವನ್ನೇ ಒತ್ತಿ ಕೊಟ್ಟೆ. ಎಷ್ಟು ಶಿಸ್ತು ನನ್ನದು ಎಂದು ಒಳಗೊಳಗೇ ಹೆಮ್ಮೆ ಬೇರೆ.

ಹೋದ ವರ್ಷ ನೋಟಿಸ್ ಬಂತು. ಅದರ ಹಿಂದೆಯೇ ಕುಮುದಾ ಮೇಡಂ ಬಂದರು.

ಅವರು ದೂರದ ಊರಿನವರು, ಈ ಕಡೆಗೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ. ನಲವತ್ತರ ಆಸುಪಾಸಿನ ವಯಸ್ಸು, ನೀರು ಬಾಟಲಿ, ಎರಡು ಪೆನ್ನು, ದಪ್ಪ ಕನ್ನಡಕ. ಪುರಸಭೆಯ ಮಾಳಿಗೆ ಕೋಣೆಯಲ್ಲಿ ಕುಳಿತು ಅದರ ಹಿಂದಿನ ಒಂದು ವರ್ಷದ ನನ್ನ ಬಿಲ್ಲಿನ ಪ್ರತಿಗಳನ್ನು ಒಂದೊಂದಾಗಿ ನೋಡಿದರು. ನಾನು ಕೊಟ್ಟ ಚಹಾ ಕುಡಿಯಲಿಲ್ಲ. ಎರಡು ದಿನ ನಮ್ಮ ಓಣಿಗಳನ್ನೆಲ್ಲ ಕಾಲ್ನಡಿಗೆಯಲ್ಲಿ ತಿರುಗಿ ಬಂದು ನನ್ನನ್ನು ಕರೆಸಿದರು.

“ನೀಲಗಂಗಾ ಅವರೇ, ನಿಮಗೆ ಹನ್ನೆರಡು ಅಂಗಡಿ ಇದೆ.”

“ಒಂದೇ ಐತ್ರಿ ಮೇಡಂ.”

“ಬಿಲ್ಲಿನಲ್ಲಿ ಹನ್ನೆರಡು ವಿಳಾಸ ಇದೆ. ಒಂದೊಂದು ವಿಳಾಸದಲ್ಲೂ ಒಂದೇ ತಿಂಗಳ ವ್ಯಾಪಾರ ತೋರಿಸಿದ್ದೀರಿ. ಉಳಿದ ಹನ್ನೊಂದು ತಿಂಗಳದ್ದು ಎಲ್ಲಿ? ನಾನು ಹೋಗಿ ನೋಡಿದರೆ ಒಂದು ಕಡೆ ದರ್ಜಿ ಅಂಗಡಿ, ಒಂದು ಕಡೆ ಸಂಸಾರ ಇರೋ ಮನೆ. ನೋಟಿಸ್ ಬಂದ ಮೇಲೆ ಎಲ್ಲಾ ಖಾಲಿ ಮಾಡಿಸಿದ್ದೀರಿ ಅಂತ ನಾನು ತಿಳಿದುಕೊಂಡರೆ ತಪ್ಪೇ?”

ನಾನು ಅಮಾವಾಸ್ಯೆಯ ಸಂಗತಿ ಹೇಳಿದೆ. ಅವರು ಪೂರ್ತಿ ಕೇಳಿದರು. ನಗಲಿಲ್ಲ, ಬೈಯಲೂ ಇಲ್ಲ. “ಅಮಾವಾಸ್ಯೆ ತನಕ ಇದ್ದು ಕಣ್ಣಾರೆ ನೋಡ್ರಿ” ಎಂದೆ. ಅಮಾವಾಸ್ಯೆಗೆ ಇನ್ನೂ ಹದಿನೆಂಟು ದಿನವಿತ್ತು. ಅವರು ಫೈಲು ಮುಗಿಸಬೇಕಾದದ್ದು ಹತ್ತು ದಿನದಲ್ಲಿ. “ನಂಬುವುದು ಬಿಡುವುದು ನನ್ನ ಕೈಯಲ್ಲಿಲ್ಲಮ್ಮ. ಕಾಗದ ತನ್ನಿ” ಎಂದರು. ಒಂದು ಚೀಟಿಯ ಮೇಲೆ ಲೆಕ್ಕ ಮಾಡಿ ನನ್ನ ಕಡೆ ತಿರುಗಿಸಿದರು. ತೆರಿಗೆ, ದಂಡ, ಬಡ್ಡಿ ಸೇರಿ ಒಂಬತ್ತು ಲಕ್ಷದ ಮೇಲೆ ಚಿಲ್ಲರೆ. ಗಿರಣಿ, ಅಂಗಡಿ, ನನ್ನ ಕಿವಿಯ ಓಲೆ ಎಲ್ಲ ಮಾರಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ.

ಮರುದಿನ ನನ್ನ ಐದು ಜನ ಹೆಂಗಸರು ನಾನು ಹೇಳುವ ಮೊದಲೇ ಹೊರಟು ನಿಂತಿದ್ದರು. ಅವರೂ, ಖಾಯಂ ಗಿರಾಕಿಗಳೂ, ಪಾಂಡುರಂಗ ಮಾಸ್ತರರೂ ಸೇರಿ ಮೂವತ್ತು ಜನ ಮಾಳಿಗೆ ಮೆಟ್ಟಿಲು ಹತ್ತಿದರು. ಒಬ್ಬರಾದ ಮೇಲೊಬ್ಬರು ನೀಲಗಂಗಕ್ಕನಿಗೆ ಇರುವುದು ಒಂದೇ ಅಂಗಡಿ ಎಂದು ಆಣೆ ಮಾಡಿದರು. ಕುಮುದಾ ಮೇಡಂ ಎಲ್ಲರನ್ನೂ ಗೌರವದಿಂದ ಕೇಳಿ ಕಳಿಸಿ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿಕೊಂಡರು.

“ಇವರೆಲ್ಲ ನಿಮಗೆ ಬೇಕಾದವರು. ಇವರ ಮಾತನ್ನು ನಾನು ಬರೆದುಕೊಂಡರೂ ನನ್ನ ಮೇಲಿನವರು ಒಪ್ಪಲ್ಲ.” ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು, “ನಿಮ್ಮನ್ನು ಕಂಡರೆ ಆಗದವರು ಯಾರಾದರೂ ಇದ್ದಾರಾ?”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಇದ್ದಾರ್ರೀ,” ಎಂದೆ, “ಭಾಳ ಮಂದಿ ಇದ್ದಾರ.”

“ಹಾಗಾದರೆ ಅವರ ಹತ್ತಿರ ಹೋಗಿ.”

ಮೊದಲು ನೆನಪಾದವರು ಗಡಿಯಾರ ರಿಪೇರಿಯ ರಜಾಕಸಾಹೇಬರು. ಆಡಿಟ್ಟಿನ ಹಿಂದಿನ ವರ್ಷ ಒಂದು ತಿಂಗಳು ಅವರ ಅಂಗಡಿ ನನ್ನ ಬಲಕ್ಕಿತ್ತು. ಒಂದು ಬೆಳಿಗ್ಗೆ ಅವರು ಯಾರದೋ ಅಜ್ಜನ ಕಾಲದ ಕೈಗಡಿಯಾರ ಬಿಚ್ಚಿ, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದಿದ್ದಾಗ ನಾನು ಗಿರಣಿ ಚಾಲೂ ಮಾಡಿದೆ. ಅವರು ಸೀನಿದರು. ಸ್ಪ್ರಿಂಗು ಎಲ್ಲಿ ಹಾರಿತೋ ಇವತ್ತಿನವರೆಗೂ ಸಿಕ್ಕಿಲ್ಲ. ಅವರು ಬಂದು ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಅವರು ಆ ಗಡಿಯಾರದ ಬೆಲೆ ಕೈಯಿಂದ ಕಟ್ಟಿಕೊಟ್ಟರೆಂದು ಆಮೇಲೆ ಕೇಳಿ ತಿಳಿದೆ. ಅಷ್ಟರಲ್ಲಿ ಅಮಾವಾಸ್ಯೆ ಬಂದು ಅವರು ಊರಿನ ಆ ತುದಿಗೆ ಹೋಗಿದ್ದರು. ನಾನೂ ಮೈಮೇಲೆ ಹಾಕಿಕೊಳ್ಳಲಿಲ್ಲ.

ಅವರ ಅಂಗಡಿ ಹುಡುಕಿಕೊಂಡು ಹೋದಾಗ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದರು. ತಲೆ ಎತ್ತಲಿಲ್ಲ. ನಾನು ಕಟ್ಟೆಯ ಮೇಲೆ ಕುಳಿತೆ. ಒಂದು ಗಡಿಯಾರ ಮುಗಿಯಿತು, ಇನ್ನೊಂದು ಮುಗಿಯಿತು.

“ಸಾಹೇಬ್ರ, ಅವತ್ತ ನಾ ನಗಬಾರದಿತ್ರಿ,” ಎಂದೆ. “ತಪ್ಪಾತು.”

ಅವರು ಭೂತಗನ್ನಡಿ ತೆಗೆದರು. “ಹದಿನಾಲ್ಕು ತಿಂಗಳ ಆತು ನೀಲಗಂಗಕ್ಕಾ. ಇವತ್ತ ನೆನಪಾತು?”

“ಖರೇ ಹೇಳ್ತೀನ್ರಿ. ಕೆಲಸ ಐತಂತ ಬಂದೀನಿ. ಆದ್ರ ಕೆಲಸ ಆಗ್ಲಿಕ್ರೂ ಈ ಮಾತು ಹೇಳಬೇಕಾಗಿತ್ತು.”

ಆಡಿಟ್ ಸಂಗತಿ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಏನೋ ಬದಲಾಯಿತು. ಸಿಟ್ಟು ಹೋಗಿರಲಿಲ್ಲ. ಕೆಟ್ಟ ಗಡಿಯಾರ ಕೈಗೆ ಬಂದಾಗ ಬರುತ್ತದಲ್ಲ, ಅಂಥ ಲಕ್ಷ್ಯ ಬಂದಿತ್ತು. “ನಾ ಪುರಸಭಾದಾಗ ನಿಮ್ಮ ಮ್ಯಾಲ ದೂರು ಕೊಟ್ಟಿದ್ದೆ,” ಎಂದರು. “ತಾರೀಖು, ಓಣಿ, ಎಲ್ಲಾ ಬರದು ಶಿಕ್ಕಾ ಹೊಡಿಸಿ. ಕೊಡಾಕ ಹ್ವಾದಾಗ ಅಲ್ಲಿ ಗುಮಾಸ್ತ ಏನಂದ ಗೊತ್ತೇನ್ರಿ? ‘ಮತ್ತೊಂದು ಬಂತಾ’ ಅಂದ.”

ಅಂದೇ ಇಬ್ಬರೂ ಪುರಸಭೆಗೆ ಹೋದೆವು. ಗುಮಾಸ್ತರು ಕಪಾಟಿನಿಂದ ಒಂದು ಫೈಲು ಇಳಿಸಿದರು. ಅದರ ಮೇಲೆ ನನ್ನ ಹೆಸರು ಕೆಂಪು ಶಾಯಿಯಲ್ಲಿ. ಒಳಗೆ ಆ ಒಂದು ವರ್ಷದ್ದೇ ಹನ್ನೊಂದು ದೂರು, ಹನ್ನೊಂದು ಬೇರೆ ಬೇರೆ ಓಣಿಗಳಿಂದ. ಪ್ರತಿ ದೂರಿನ ಕೆಳಗೆ ಪರಿಶೀಲನೆಗೆ ಹೋದ ನೌಕರರ ಟಿಪ್ಪಣಿ. ಅವರು ನಿಧಾನವಾಗಿ ಮುಂದಿನ ತಿಂಗಳು ಹೋಗುವುದು ರೂಢಿಯಾದ್ದರಿಂದ ಎಲ್ಲ ಟಿಪ್ಪಣಿಯೂ ಒಂದೇ: ‘ಸ್ಥಳ ಪರಿಶೀಲನೆ ಮಾಡಲಾಗಿ ಸದರಿ ಸ್ಥಳದಲ್ಲಿ ಖಾರದ ಗಿರಣಿ ಕಂಡುಬಂದಿರುವುದಿಲ್ಲ. ದೂರು ಮುಕ್ತಾಯಗೊಳಿಸಿದೆ.’ ಗಿರಣಿ ಇತ್ತು ಎನ್ನುವುದಕ್ಕೆ ದೂರು ಸಾಕ್ಷಿ, ಆಮೇಲೆ ಇರಲಿಲ್ಲ ಎನ್ನುವುದಕ್ಕೆ ಟಿಪ್ಪಣಿ ಸಾಕ್ಷಿ. ನನ್ನ ಮೇಲೆ ಇಷ್ಟು ಜನ ಇಷ್ಟು ಸಿಟ್ಟಿನಿಂದ ಬರೆದ ಕಾಗದಗಳನ್ನು ನೋಡಿ ನನಗೆ ಕೈಮುಗಿಯುವಂತಾಯಿತು.

ಆದರೆ ಗುಮಾಸ್ತರು ಫೈಲು ಮುಚ್ಚಿದರು. ದೂರು ಕೊಟ್ಟವರೇ ಬಂದು ಅರ್ಜಿ ಬರೆದರೆ ಮಾತ್ರ ನಕಲು ಕೊಡುತ್ತಾರಂತೆ.

ನಾಲ್ಕು ದಿನ ನಾನು ಊರು ಸುತ್ತಿದೆ. ರಜಾಕಸಾಹೇಬರು ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದರು. “ನೀವು ಒಬ್ರ ಹೋದ್ರ ಬಾಗಿಲಾ ಹಾಕ್ಕೋತಾರ,” ಎಂದರು. ಸಂಗೀತ ಕಲಿಸುವ ಪ್ರಭಾವತಿಬಾಯಿ ಬಾಗಿಲು ತೆಗೆದವರೇ, “ನಿನ್ನ ಖಾರದ ಸಲುವಾಗಿ ನನ್ನ ಹನ್ನೆರಡು ಮಕ್ಕಳು ಒಂದು ತಿಂಗಳು ಷಡ್ಜಕ್ಕ ನಿಲ್ಲಲಿಲ್ಲ” ಎಂದು ನಿಂತಲ್ಲೇ ಕಾಲು ಗಂಟೆ ಬೈದರು. ಬೈದು ಮುಗಿಸಿ ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದರು. “ನಡಿ, ಎಲ್ಲಿ ಸಹಿ ಮಾಡಬೇಕು?” ಖಾನಾವಳಿಯ ರುದ್ರಗೌಡರ ತಕರಾರು ಇನ್ನೂ ದೊಡ್ಡದು. ನನ್ನ ಗಿರಣಿಯ ಘಾಟಿಗೆ ಊಟಕ್ಕೆ ಕುಳಿತವರ ಕಣ್ಣಲ್ಲಿ ನೀರು ಬಂದು, ಪಲ್ಯ ಖಾರವಾಯಿತೆಂದು ಎಲ್ಲರೂ ಎದ್ದುಹೋಗುತ್ತಿದ್ದರಂತೆ. ನಾನು ತಪ್ಪೊಪ್ಪಿಕೊಳ್ಳುವ ಮೊದಲೇ ಅವರು, “ಅದನ್ನೆಲ್ಲಾ ಆಮ್ಯಾಲ ನೋಡೂಣು. ಒಂಬತ್ತು ಲಕ್ಷ ಅಂದ್ರ ಏನ್ ಮಾತು! ಕೈಕಟ್ಟಿ ಕುಂದ್ರಾಕ ಆಗ್ತೈತಿ?” ಎಂದು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದರು.

ಹೀಗೆ ಹನ್ನೊಂದು ಮನೆ. ಒಬ್ಬರೂ ಇಲ್ಲವೆನ್ನಲಿಲ್ಲ. ಬೈದವರೂ ಬಂದರು, ಮಾತೇ ಆಡದೆ ಸಹಿ ಹಾಕಿ ಹೋದವರೂ ಇದ್ದರು. ಅವರ ಮುಂದೆ ನಿಂತಾಗ ಪ್ರತಿ ಸಲ ನನಗೆ ಅನಿಸಿದ್ದು ಒಂದೇ. ಇಪ್ಪತ್ತೆರಡು ವರ್ಷ ಇವರ ಪಕ್ಕದಲ್ಲಿದ್ದೂ ನಾನು ಗೋಡೆಯಾಚೆಗೆ ಕಿವಿ ಕೊಟ್ಟಿರಲಿಲ್ಲ.

ಕುಮುದಾ ಮೇಡಂ ಹನ್ನೊಂದು ನಕಲನ್ನೂ ಓದಿದರು. ಪ್ರಭಾವತಿಬಾಯಿಯ ದೂರು ಓದುವಾಗ ಮಾತ್ರ ತುಟಿ ಕಚ್ಚಿಕೊಂಡಿದ್ದು ನಾನು ಕಂಡೆ. ಬಿಲ್ಲಿನ ವಿಳಾಸಗಳ ಎದುರು ಒಂದೊಂದಾಗಿ ಗುರುತು ಹಾಕುತ್ತ ಬಂದು ಒಂದು ಕಡೆ ಪೆನ್ನು ನಿಲ್ಲಿಸಿದರು.

“ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆ ತನಕ. ಗೌಳಿಗರ ಓಣಿ. ಇದಕ್ಕೆ ದೂರು ಇಲ್ಲವಲ್ಲ?”

“ಆ ತಿಂಗಳು ಯಾರೂ ಕೊಟ್ಟಿಲ್ರಿ.”

“ಎಲ್ಲಾ ತಿಂಗಳೂ ಜನ ದೂರು ಕೊಟ್ಟಿದ್ದಾರೆ, ಇದೊಂದು ತಿಂಗಳು ಬಿಟ್ಟು. ಆ ಓಣಿಯಲ್ಲಿ ನೀವು ವರ್ಷವಿಡೀ ಎರಡನೇ ಅಂಗಡಿ ನಡೆಸಿಲ್ಲ ಅಂತ ಬರೆಯೋದಕ್ಕೆ ನನಗೊಂದು ಆಧಾರ ಬೇಕು. ನಾಳಿದ್ದು ನಾನು ಹೊರಡಬೇಕು ಅಮ್ಮಾ.” ಅವರ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. ನನಗಿಂತ ಅವರಿಗೇ ಆ ಕಾಗದ ಹೆಚ್ಚು ಬೇಕಾಗಿತ್ತೇನೋ ಎನಿಸಿತು.

ಗೌಳಿಗರ ಓಣಿಯಲ್ಲಿ ನನ್ನ ಎಡಕ್ಕೆ ಯಾರಿದ್ದರು? ಬಹಳ ಹೊತ್ತು ನೆನಪು ಮಾಡಿಕೊಂಡೆ. ಬಲಕ್ಕೆ ಬೀಗ ಹಾಕಿದ ಗೋದಾಮು. ಎಡಕ್ಕೊಂದು ಸಣ್ಣ ಮನೆ, ಗಿರಣಿಯ ಕಡೆಗೆ ಒಂದು ಕಿಟಕಿ. ನಾನು ಖಾರ ಕುಟ್ಟಿದರೆ ಊರೆಲ್ಲ ಕಿಟಕಿ ಮುಚ್ಚುತ್ತದೆ, ಆ ಕಿಟಕಿ ಮಾತ್ರ ತಿಂಗಳಿಡೀ ತೆರೆದೇ ಇತ್ತು. ಅದಕ್ಕೇ ಆ ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದಿದ್ದೆ.

ಅದು ಸುಂದ್ರವ್ವನ ಮನೆ ಎಂದು ಕಂಡುಹಿಡಿಯಲು ಒಂದು ದಿನ ಹಿಡಿಯಿತು. ಈಗ ಅದು ದೀಪದ ಓಣಿಯಲ್ಲಿತ್ತು. ಎಪ್ಪತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ಒಬ್ಬರೇ ಕುಳಿತು ಅವರೆಕಾಳು ಬಿಡಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಮುಖ ಅರಳಿತು.

“ಖಾರದ ತಂಗಿ ಅಲ್ಲೇನ? ಬಾ ಬಾ, ಕೂಡು.”

ಹನ್ನೊಂದು ಬಾಗಿಲಲ್ಲಿ ಬೈಸಿಕೊಂಡು ಬಂದವಳು ಆ ‘ಬಾ ಬಾ’ ಕೇಳಿ ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತುಬಿಟ್ಟೆ. ಬಂದ ಕೆಲಸ ಹೇಳಿದೆ. “ಅವ್ವಾ, ನೀವ್ಯಾಕ ದೂರು ಕೊಡಲಿಲ್ಲ? ಕೊಟ್ಟಿದ್ರ ಇವತ್ತ ನನಗ ಉಪಕಾರ ಆಗ್ತಿತ್ತು” ಎಂದೆ. ಹೇಳಿದ ಮೇಲೆ ನನಗೇ ವಿಚಿತ್ರವೆನಿಸಿತು.

ಸುಂದ್ರವ್ವ ನಗಲಿಲ್ಲ. ಅವರೆಕಾಳಿನ ಮೊರ ಪಕ್ಕಕ್ಕಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ಸುರುಳಿ ಸುತ್ತಿದ ಹಿಂದಿನ ವರ್ಷದ ಕ್ಯಾಲೆಂಡರ್ ಇತ್ತು. “ಇದು ನಡೀತೈತೇನ ನೋಡು. ಆದ್ರ ನಾನ ಒಯ್ದು ತೋರಸ್ತೀನಿ. ಯಾರ ಕೈಯಾಗೂ ಕೊಡಾಂಗಿಲ್ಲ.”

ಮರುದಿನ ಬೆಳಿಗ್ಗೆ ಅವರನ್ನು ಕೈಹಿಡಿದು ಮಾಳಿಗೆ ಹತ್ತಿಸಿದೆ. ಕುಮುದಾ ಮೇಡಂ ಎದ್ದು ಕುರ್ಚಿ ಕೊಟ್ಟರು. ಸುಂದ್ರವ್ವ ಕ್ಯಾಲೆಂಡರ್ ಬಿಚ್ಚಿ ಮೇಜಿನ ಮೇಲೆ ಹಾಸಿದರು.

“ನಮ್ಮ ಮನೆಯವರಿಗೆ ಲಕ್ವಾ ಹೊಡದಿತ್ರಿ. ಮಾತಿಲ್ಲ, ಕೈಕಾಲಿಲ್ಲ. ಕಣ್ಣು ತೆರದಿದ್ರೂ ನನ್ನ ಕಡೆ ನೋಡ್ತಾರೋ ಇಲ್ಲೋ ತಿಳೀತಿರಲಿಲ್ಲ. ಡಾಕ್ಟರು ಅಂದ್ರು, ಅವರು ಏನರ ಒಂದು ಮಾಡಿದ್ರ, ಬೆರಳು ಹಂದಾಡಿಸಿದ್ರೂ ಸೈತ, ದಿನಾ ಬರದಿಡವ್ವಾ ಅಂತ. ನಾಲ್ಕು ತಿಂಗಳು ಬರಿಯಾಕ ಏನೂ ಇರಲಿಲ್ಲ.” ಕ್ಯಾಲೆಂಡರಿನ ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. “ಮಣ್ಣೆತ್ತಿನ ಅಮಾಸಿ ಆದ ಮರುದಿನ ಇಕಿ ಗಿರಣಿ ನಮ್ಮ ಬಾಜೂ ಬಂತು. ಮುಂಜಾನೆ ಇಕಿ ಖಾರ ಕುಟ್ಟಿದಳು. ನಮ್ಮವರು ಸೀನಿದ್ರು.”

ಕುಮುದಾ ಮೇಡಂ ಪೆನ್ನು ಕೆಳಗಿಟ್ಟರು.

“ನಾಲ್ಕು ತಿಂಗಳಾಗಿತ್ರಿ ಅವರ ದನಿ ಕೇಳಿ. ಸೀನಿದ್ರ ಮುಖಾನೂ ಮೊದಲಿನ ಹಂಗ ಮಾಡ್ತಿದ್ರು, ಹುಬ್ಬು ಮ್ಯಾಲೆತ್ತಿ. ನಾ ಕಿಟಕಿ ಮುಚ್ಚಲೇ ಇಲ್ಲ. ನನಗೂ ಕಣ್ಣಾಗ ನೀರು, ಅವರಿಗೂ ನೀರು. ದಿನಾ ಎಣಿಸಿ ಬರದೀನಿ ನೋಡ್ರಿ.”

ಆ ತಿಂಗಳ ಚೌಕಗಳಲ್ಲೆಲ್ಲ ಪೆನ್ಸಿಲ್ಲಿನ ಅಂಕಿಗಳು. ಎರಡು, ಮೂರು, ಎರಡು, ನಾಲ್ಕು. ವಾರದ ರಜೆಗೆ ನಾನು ಗಿರಣಿ ನಿಲ್ಲಿಸುವ ಸೋಮವಾರಗಳೆಲ್ಲ ಖಾಲಿ. ಕುಮುದಾ ಮೇಡಂ ನನ್ನ ಬಿಲ್ಲಿನ ಪುಸ್ತಕವನ್ನು ಹತ್ತಿರ ಎಳೆದುಕೊಂಡು ತಾರೀಖಿಗೆ ತಾರೀಖು ಹೊಂದಿಸಿ ನೋಡಿದರು. ನಾಗರ ಅಮಾವಾಸ್ಯೆಯ ಮರುದಿನದಿಂದ ಮುಂದಿನ ಹಾಳೆಯವರೆಗೆ ಮತ್ತೆ ಬರೀ ಖಾಲಿ.

“ಆಮೇಲೆ ಯಾವುದೂ ಇಲ್ಲವಲ್ಲ ಅಮ್ಮಾ,” ಎಂದು ಮೆಲ್ಲಗೆ ಕೇಳಿದರು.

“ಗಿರಣಿ ಹೋತಲ್ರಿ. ಅವರೂ ಶ್ರಾವಣದಾಗ ಹೋದ್ರು.”

ಕುಮುದಾ ಮೇಡಂ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿದರು. ತಿರುಗಿ ಹಾಕಿಕೊಂಡು ಸುಂದ್ರವ್ವನ ಹೇಳಿಕೆಯನ್ನು ತಮ್ಮ ಕೈಯಿಂದಲೇ ಬರೆದು, ಓದಿ ಹೇಳಿ, ಸಹಿ ಮಾಡಿಸಿಕೊಂಡರು. ಕ್ಯಾಲೆಂಡರನ್ನು ಕೆಲವು ದಿನ ಫೈಲಿನಲ್ಲಿಡಬೇಕು ಎಂದಾಗ ಸುಂದ್ರವ್ವನ ಕೈ ಅದರ ಮೇಲೇ ಇತ್ತು. “ವಾಪಸ್ ಕೊಡ್ತೀರಿ ಹೌದಲ್ರಿ?” ಎಂದರು. “ಇದಕ್ಕೆ ನಾನೇ ಜವಾಬ್ದಾರಿ. ಒಂದು ಮಡಿಕೆ ಕೂಡ ಬೀಳದ ಹಾಗೆ ಕಳಿಸ್ತೀನಿ” ಎಂದು ರಸೀದಿ ಬರೆದು ಕೊಟ್ಟರು. ಹೊರಡುವ ಮುಂಚೆ, ಬಂದಾಗಿನಿಂದ ಮುಟ್ಟದಿದ್ದ ನನ್ನ ಚಹಾ ಕೇಳಿ ಕುಡಿದರು.

ಒಂದೂವರೆ ತಿಂಗಳಿಗೆ ಆದೇಶ ಬಂತು. ನನಗಿರುವುದು ಒಂದೇ ಅಂಗಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಚಟ್ನಿಪುಡಿಗೆ ನಾನು ತಪ್ಪು ದರದಲ್ಲಿ ತೆರಿಗೆ ಕಟ್ಟಿದ್ದನ್ನೂ ಬಿಡದೆ ಹಿಡಿದು ಎರಡು ಸಾವಿರದ ಮುನ್ನೂರು ರೂಪಾಯಿ ಕಟ್ಟಲು ಹೇಳಿದ್ದರು. ಪಾಂಡುರಂಗ ಮಾಸ್ತರರು ಮೇಲ್ಮನವಿ ಹಾಕೋಣ ಎಂದರು. ನಾನು ಅಂದೇ ಹೋಗಿ ಕಟ್ಟಿ ಬಂದೆ. ಅಷ್ಟು ಖುಷಿಯಿಂದ ನಾನು ಯಾವ ದುಡ್ಡನ್ನೂ ಕೊಟ್ಟಿದ್ದಿಲ್ಲ.

ರಜಾಕಸಾಹೇಬರಿಗೆ ಆ ಗಡಿಯಾರದ ಬೆಲೆ ತೆಗೆದುಕೊಂಡು ಹೋದೆ. ಅರ್ಧ ಎಣಿಸಿ ಇಟ್ಟುಕೊಂಡು ಅರ್ಧ ಹಿಂದಕ್ಕೆ ತಳ್ಳಿದರು. “ಮತ್ತ ಬಾಜೂ ಬಂದ್ರ, ಚಾಲೂ ಮಾಡೂ ಮೊದಲ ಗೋಡಿ ಬಡೀರಿ ಸಾಕು. ನಾ ಚಿಮಟಾ ಕೆಳಗಿಡ್ತೀನಿ.” ಈಗ ಪ್ರತಿ ಪಾಡ್ಯದ ದಿನ ನಾನು ಗಿರಣಿ ಹಚ್ಚುವ ಮೊದಲು ಎಡಬಲದ ಮನೆಗಳಿಗೆ ಹೋಗುತ್ತೇನೆ. ಎಷ್ಟು ಹೊತ್ತಿಗೆ ಕುಟ್ಟಿದರೆ ನಡೆಯುತ್ತದೆ ಎಂದು ಕೇಳಿಕೊಂಡು ಬರುತ್ತೇನೆ. ಕೆಲವರು ಆಗಲೂ ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ಕ್ಯಾಲೆಂಡರ್ ನನ್ನ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ಎರಡು ರಟ್ಟಿನ ನಡುವೆ ಇಟ್ಟು ಹೊಲಿದಿದ್ದರು. ಸುಂದ್ರವ್ವನ ಮನೆ ಆ ತಿಂಗಳು ಕಂಬಾರ ಓಣಿಗೆ ಬಂದಿತ್ತು. ರಟ್ಟು ಬಿಚ್ಚಿ ಕೈಗೆ ಕೊಟ್ಟೆ. ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ತಿಂಗಳ ಹಾಳೆಯನ್ನು ಮೊಣಕಾಲ ಮೇಲೆ ಹರಡಿದರು. ಒಂದು ಚೌಕದ ಮೇಲೆ ಬೆರಳಿಟ್ಟರು. ಅದರಲ್ಲಿ ಒಂಬತ್ತು ಎಂದಿತ್ತು.

“ಇದನ್ನ ನಿನಗ ಕೇಳಬೇಕಂತಿದ್ದೆ ತಂಗಿ. ಉಳದ ದಿನಾ ಎರಡು, ಮೂರು, ಭಾಳಾದ್ರ ನಾಲ್ಕು. ಅವತ್ತ ಏನ್ ಕುಟ್ಟಿದ್ದಿ ನೀ?”

ತಾರೀಖು ನೋಡಿದೆ. ಹಾಸ್ಟೆಲ್ಲಿನವರ ಆರ್ಡರಿಗೆ ಒಂದೂವರೆ ಕ್ವಿಂಟಲ್ ಗುಂಟೂರು ಮೆಣಸಿನಕಾಯಿ ಕುಟ್ಟಿದ ದಿನ. ನನ್ನ ಹೆಂಗಸರೇ ಅವತ್ತು ತಾಳಲಾರದೆ ಓಣಿಗೆ ಓಡಿಹೋಗಿದ್ದರು.

“ಗುಂಟೂರು, ಅವ್ವಾ,” ಎಂದೆ.

“ಗುಂಟೂರು!” ಎಂದರು ಸುಂದ್ರವ್ವ. ಹುಬ್ಬು ಮೇಲೆತ್ತಿ, ಮೂಗು ಮುರಿದು, ಅವರ ಗಂಡ ಸೀನುತ್ತಿದ್ದ ರೀತಿ ಮಾಡಿ ತೋರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.